ಇಪೋದಲ್ಲಿ ಸಿಕ್ಕಿಬಿದ್ದ ಆರು ಕಿಲೋಮೀಟರು

ಮನೆ, ಗುಮ್ಮಳಾಪುರ

ಜನವರಿ ಕೊನೆಯ ಬುಧವಾರ, ಮಧ್ಯಾಹ್ನ ಮೂರು ಗಂಟೆ ನಾಲ್ಕು ನಿಮಿಷ. ಹಾಜರಿದ್ದವರು ನಾನು, ನನ್ನ ಹೆಂಡತಿ ಪುಟ್ಟಮ್ಮ, ಮಗ ನಾಗರಾಜ, ಸೊಸೆ ಮಂಜುಳ, ಮೊಮ್ಮಗಳು ಚೈತ್ರ. ವಿಮಾನ ನಿಲ್ದಾಣಕ್ಕೆ ಹೋಗುವ ಕಾರು ಎರಡೂ ಐವತ್ತಕ್ಕೆ ಬರಬೇಕಿತ್ತು. ಹದಿನಾಲ್ಕು ನಿಮಿಷ ತಡ. ಕಾರಣ ಕೇಳಿದೆ. ಜೂಜುವಾಡಿಯಲ್ಲಿ ಲಾರಿಗಳು ನಿಂತುಬಿಟ್ಟಿದ್ದವು ಎಂದ ಚಾಲಕ. ಒಪ್ಪಬಹುದಾದ ಕಾರಣ.

ಮೂವತ್ತೊಂದು ವರ್ಷ ಹೊಸೂರು ಬಸ್ ನಿಲ್ದಾಣದಲ್ಲಿ ಟೈಮ್ ಕೀಪರ್ ಆಗಿದ್ದವನು ನಾನು. ಬಸ್ಸು ಬರಬೇಕಾದ ಹೊತ್ತು, ಬಂದ ಹೊತ್ತು, ಎಷ್ಟು ನಿಮಿಷ ತಡ, ತಡಕ್ಕೆ ಕಾರಣ. ನಾಲ್ಕು ಕಾಲಂ, ಪಕ್ಕದಲ್ಲಿ ಸಹಿ. ನಿವೃತ್ತಿಯ ನಂತರ ಬರೆಯಲು ಏನೂ ಇಲ್ಲದೆ ಕೈ ಕಟ್ಟಿಹಾಕಿದಂತಾಗಿತ್ತು. ಮಂಜುಳ ಓಡಲು ಶುರುಮಾಡಿದ ಮೇಲೆ ಮತ್ತೆ ಒಂದು ಪುಸ್ತಕಕ್ಕೆ ಗೆರೆ ಹಾಕಿದೆ.

ಅವಳು ಹೊಸೂರಿನ ಮೋಟಾರು ಬಿಡಿಭಾಗಗಳ ಕಾರ್ಖಾನೆಯಲ್ಲಿ ತಯಾರಾದ ಮಾಲನ್ನು ತಪಾಸಣೆ ಮಾಡುವವಳು. ಕಾರ್ಖಾನೆಯ ಬಸ್ಸು ಬೆಳಿಗ್ಗೆ ಐದೂ ನಲವತ್ತಕ್ಕೆ ನಮ್ಮ ಅರಳಿಮರದ ಹತ್ತಿರ ನಿಲ್ಲುತ್ತದೆ. ಅಲ್ಲಿನ ಕ್ರೀಡಾ ದಿನದಲ್ಲಿ ಒಮ್ಮೆ ಐದು ಕಿಲೋಮೀಟರು ಓಡಿ ಬಂದವಳಿಗೆ ಅದು ಬಿಡಲಿಲ್ಲ. ದಿನವೂ ಬೆಳಗಿನ ಜಾವ ನಾಲ್ಕರಿಂದ ಐದರವರೆಗೆ ಓಟ. ಆ ಒಂದು ಗಂಟೆಯಲ್ಲಿ ಒಲೆ ಹಚ್ಚಿ ಮೂರು ಡಬ್ಬಿ ಕಟ್ಟುವ ಕೆಲಸ ಪುಟ್ಟಮ್ಮನ ಪಾಲಿಗೆ ಬಂತು. ಇಪೋ ಎಂಬ ಮಲೇಷ್ಯಾದ ಊರಿನಲ್ಲಿ ಪೂರಾ ಮ್ಯಾರಥಾನ್ ಇದೆ, ನಲವತ್ತೆರಡು ಕಿಲೋಮೀಟರು, ಹೆಸರು ಕೊಟ್ಟಿದ್ದೇನೆ ಎಂದು ಮಂಜುಳ ಹೇಳಿದ ದಿನ ಪುಟ್ಟಮ್ಮ ಒಂದು ಕರಾರು ಮಾಡಿದಳು.

"ಒಂದ್ ಕಿತ ಪೂರಾ ಮುಗ್ಸಿ ಬಾ ಮಂಜಿ. ಆಮ್ಯಾಕೆ ನಾನ್ ಬಾಯ್ ಬುಡಾಕಿಲ್ಲ. ಮುಗೀಲಿಲ್ವಾ, ಬೆಳಗಿನೊತ್ತು ಒಲೆ ಮುಂದೆ ನೀನಿರ್ಬೇಕು."

"ಆಯ್ತತ್ತೆ," ಎಂದಳು ಮಂಜುಳ. ಅವಳು ಮಾತು ಬೆಳೆಸುವವಳಲ್ಲ.

ಜೊತೆಗೆ ಹೋಗಬೇಕಾದವನು ನಾಗರಾಜ. ಆದರೆ ಅವನದು ಗುಲಾಬಿ ತೋಟ, ಫೆಬ್ರವರಿಯ ಪ್ರೇಮಿಗಳ ದಿನಕ್ಕೆ ಮೊಗ್ಗು ಕೊಯ್ಯುವ ಕಾಲ ಇದೇ. ಯಾವತ್ತೋ ಕೈಲಾಸಕ್ಕೆಂದು ಮಾಡಿಸಿ, ಕೈಲಾಸಕ್ಕೆ ಹೋಗದೆ ಉಳಿದಿದ್ದ ಪಾಸ್‌ಪೋರ್ಟು ನನ್ನ ಹತ್ತಿರ ಇತ್ತು. ಹಾಗಾಗಿ ನಾನು ಹೊರಟೆ.

"ಏನೂಂದ್ರೆ, ಅಲ್ಲೋಗಿ ಅವ್ಳುನ್ನ ನೋಡ್ಕಳಿ ಸಾಕು. ಬಸ್ಸು ತಡ ಆಯ್ತು ಅಂತ ಅಲ್ಲಿನೋರ ಮ್ಯಾಲೆ ರೇಗ್ಬೇಡಿ," ಎಂದಳು ಪುಟ್ಟಮ್ಮ, ಕಾರಿನ ಬಾಗಿಲು ಹಾಕುತ್ತ.

ಗುರುವಾರ, ರೈಲು

ಅಲ್ಲಿನ ಗಡಿಯಾರ ನಮ್ಮದಕ್ಕಿಂತ ಎರಡೂವರೆ ಗಂಟೆ ಮುಂದೆ. ಸರಿಯಾಗಿಟ್ಟ ಗಡಿಯಾರದ ಮುಳ್ಳನ್ನು ತಿರುಗಿಸುವುದು ನನ್ನ ಕೈಲಾಗದ ಕೆಲಸ. ಎಡಗೈಯಲ್ಲಿ ಹೊಸೂರಿನ ಹೊತ್ತನ್ನು ಹಾಗೇ ಉಳಿಸಿಕೊಂಡು, ಬಲಗೈಗೆ ಚೈತ್ರಳ ಹಳೇ ಗಡಿಯಾರ ಕಟ್ಟಿ ಅಲ್ಲಿನ ಹೊತ್ತು ಇಟ್ಟೆ. ಎರಡೂ ಇದ್ದರೆ ತಪ್ಪಾಗದು ಎಂದುಕೊಂಡಿದ್ದೆ. ಅಂದಿನಿಂದ ಯಾರಾದರೂ ಗಂಟೆ ಕೇಳಿದರೆ ಎರಡು ಕೈಯನ್ನೂ ನೋಡಿ ಯಾವುದನ್ನೂ ಹೇಳಲಾಗದೆ ನಿಂತಿದ್ದೇನೆ.

ಕೌಲಾಲಂಪುರದಲ್ಲಿ ಇಪೋ ರೈಲು ಯಾವ ಕಡೆ ಎಂದು ಸಮವಸ್ತ್ರದ ಒಬ್ಬನನ್ನು ಕೇಳಿದೆ. ಅವನು ನಗುತ್ತ, ಮುಷ್ಟಿ ಕಟ್ಟಿ ಹೆಬ್ಬೆಟ್ಟು ತೋರಿಸಿದ. ನಮ್ಮಲ್ಲಿ ಹಾಗೆ ತೋರಿಸಿದರೆ ಏನೂ ಇಲ್ಲ, ಹೋಗು ಎಂದರ್ಥ. ರೈಲು ರದ್ದಾಗಿದೆ ಎಂದು ಮಂಜುಳಳಿಗೆ ಹೇಳಿದೆ. ಅವಳು ಅವನ ಹೆಬ್ಬೆಟ್ಟು ಯಾವ ಕಡೆ ತಿರುಗಿದೆ ಎಂದು ನೋಡಿ ಆ ಕಡೆ ನಡೆದಳು. ರೈಲು ಅಲ್ಲೇ ನಿಂತಿತ್ತು. ಇಲ್ಲಿಯವರು ತೋರುಬೆರಳು ಚಾಚುವುದನ್ನು ಮರ್ಯಾದೆಗೇಡು ಎಂದೆಣಿಸುತ್ತಾರಂತೆ. ಹೊರಟ ಹೊತ್ತು ನಿಮಿಷಕ್ಕೆ ಸರಿ. ಬರೆದುಕೊಳ್ಳಲು ಏನೂ ಉಳಿಯಲಿಲ್ಲ.

ಇಪೋ ಹತ್ತಿರವಾದಂತೆ ಹಸಿರಿನ ನಡುವೆ ಬೋಳು ಬಂಡೆಯ ಗುಡ್ಡಗಳು ಎದ್ದವು. ಕೃಷ್ಣಗಿರಿಯ ಗುಡ್ಡಗಳು ನೆನಪಾದವು. ನಮ್ಮವು ಕೂತ ಎಮ್ಮೆಯಂತೆ, ಇವು ನಿಲ್ಲಿಸಿಟ್ಟ ಮೂಟೆಯಂತೆ.

ನಾವು ಇಳಿದುಕೊಂಡ ಮನೆ ಸರೋಜಾ ಎಂಬ ತಮಿಳು ಹೆಂಗಸಿನದು. ನನ್ನ ವಯಸ್ಸಿನವಳು, ರಬ್ಬರ್ ತೋಟದಲ್ಲಿ ಹಾಲು ಇಳಿಸಿ ಮಕ್ಕಳನ್ನು ಓದಿಸಿದವಳು. ಈಗ ಎರಡು ಕೋಣೆ ಬಾಡಿಗೆಗೆ ಕೊಡುತ್ತಾಳೆ. ತಮಿಳಿನಲ್ಲಿ ಮಾತಾಡಿದೆವು. ಯಾವ ಊರು ಎಂದಳು. ಹೊಸೂರು ಕಡೆ, ತಮಿಳುನಾಡು ಎಂದೆ.

"ಹಾಗಾದರೆ ನೀವು ತಮಿಳರು."

"ಅಲ್ಲ, ಕನ್ನಡದವರು."

"ಹಾಗಾದರೆ ಕರ್ನಾಟಕ."

"ಅಲ್ಲ. ಕರ್ನಾಟಕ ನಮ್ಮ ಊರಿನಾಚೆ ಒಂದು ಮೈಲಿ."

ಅವಳು ಮಂಜುಳಳ ಮುಖ ನೋಡಿದಳು. ನಾನು ಕಾಗದದ ಮೇಲೆ ಗಡಿಯ ಗೆರೆ ಎಳೆದು ಈಚೆ ಮನೆ, ಆಚೆ ರಾಗಿ ಹೊಲ ಎಂದು ತೋರಿಸಿದೆ. ಹೊಲ ಯಾರದ್ದು ಎಂದಳು. ನಮ್ಮದೇ ಎಂದೆ. "ಅಣ್ಣೇ, ಮೊದಲು ಊಟ ಮಾಡಿ ಲಾ," ಎಂದು ಎದ್ದುಹೋದಳು. ನಮ್ಮ ಕಡೆ ಲಾ ಎನ್ನುವುದು ಕಿರಿಯ ಹುಡುಗರಿಗೆ ಮಾತ್ರ. ಅಲ್ಲಿ ಎಲ್ಲರೂ ಎಲ್ಲರಿಗೂ ಅನ್ನುತ್ತಾರೆ. ಅಷ್ಟು ಗೊತ್ತಾಗುವ ಹೊತ್ತಿಗೆ ನಾನು ಎರಡು ಸಲ ಮುಖ ಗಂಟಿಕ್ಕಿ ಆಗಿತ್ತು.

ಶುಕ್ರವಾರ, ಪಾರ್ಕು

ಭಾನುವಾರದ ಮ್ಯಾರಥಾನಿಗೆ ಮುಂಚೆ ಕಾಲು ಸಡಿಲಾಗಲೆಂದು ಬೆಳಿಗ್ಗೆ ಪಾರ್ಕಿಗೆ ಹೋದೆವು. ಸುತ್ತು ದಾರಿಯ ಮೇಲೆ ಒಂದೊಂದು ಕಿಲೋಮೀಟರಿಗೂ ಬಿಳಿ ಬಣ್ಣದ ಗುರುತಿತ್ತು. ಊರಿನ ಹದದಲ್ಲೇ ಮೂರು ಕಿಲೋಮೀಟರು ಓಡು ಎಂದೆ.

ನಮ್ಮ ಊರಿನ ಭಾನುವಾರದ ಓಟಗಳಲ್ಲಿ ಅವಳ ಹದ ಕಿಲೋಮೀಟರಿಗೆ ಏಳು ನಿಮಿಷ, ದಿನದ ಓಟಕ್ಕೆ ದೂರದ ಲೆಕ್ಕವಿಲ್ಲ. ಕಾಲು ನಿಮಿಷ ಆಚೀಚೆ ಆದರೂ ಪುಸ್ತಕದಲ್ಲಿ ಕಾರಣವಿದೆ: ಚೈತ್ರಳಿಗೆ ಜ್ವರ, ರಾತ್ರಿ ಪಾಳಿ, ಹಾಲು ಒಡೆದು ಅತ್ತೆಯೊಡನೆ ಮಾತು, ನಾಯಿ. ಪಾರ್ಕಿನಲ್ಲಿ ಮೊದಲ ಕಿಲೋಮೀಟರು ಎಂಟು ನಿಮಿಷ ಮೂವತ್ತೈದು ಸೆಕೆಂಡು. ಎರಡನೆಯದು ಎಂಟೂ ನಲವತ್ತು. ಮೂರನೆಯದೂ ಅದೇ.

"ಮಾವ, ವಾಚ್ ಸರಿ ಐತಾ?"

ಎರಡನ್ನೂ ನೋಡಿದೆ. ಎರಡೂ ಸರಿಯಾಗಿಯೇ ಓಡುತ್ತಿದ್ದವು.

"ಬೂಟು ಬಿಗಿಯಾಗಿದೆಯೇನಮ್ಮ?"

"ಇಲ್ಲ."

"ಸೆಕೆ ಇರಬೇಕು."

"ಸೆಕೆ ಐತೆ. ಆದ್ರೆ ಒಂದೂವರೆ ನಿಮ್ಷದ್ ಸೆಕೆನಾ?" ಅವಳು ಬೆಂಚಿನ ಮೇಲೆ ಕೂತು ಮೊಣಕಾಲು ಒತ್ತಿನೋಡಿದಳು, ಆಮೇಲೆ ಎದೆಯ ಮೇಲೆ ಕೈಯಿಟ್ಟು ಬಡಿತ ಎಣಿಸಿದಳು. "ನಂಗೇನೋ ಆಗೈತೆ ಮಾವ."

ಅಂದು ಮಧ್ಯಾಹ್ನ ಅವಳು ಸರಿಯಾಗಿ ಉಣ್ಣಲಿಲ್ಲ. ನನಗೆ ತಲೆ ಕೆಟ್ಟಿತು. ಲೆಕ್ಕ ತಪ್ಪಲು ಮೂರೇ ದಾರಿ: ಹೊತ್ತು ತಪ್ಪಿರಬೇಕು, ದೂರ ತಪ್ಪಿರಬೇಕು, ಇಲ್ಲವೇ ಗಾಡಿ ಕೆಟ್ಟಿರಬೇಕು. ಹೊತ್ತು ಸರಿ. ಗಾಡಿ ಕೆಟ್ಟಿದೆ ಎನ್ನಲು ನನಗೆ ಮನಸ್ಸಿಲ್ಲ. ಹಾಗಾದರೆ ಪಾರ್ಕಿನ ಬಿಳಿ ಗುರುತೇ ತಪ್ಪು. ಸಂಜೆ ಒಬ್ಬನೇ ಹೋಗಿ ಹೆಜ್ಜೆ ಎಣಿಸಿದೆ. ನಮ್ಮ ಊರಿನ ರಸ್ತೆಯಲ್ಲಿ ಕಲ್ಲಿನಿಂದ ಕಲ್ಲಿಗೆ ನನ್ನ ನಡಿಗೆ ಸಾವಿರದ ನಾನೂರು ಹೆಜ್ಜೆ. ಎಷ್ಟೋ ವರ್ಷದ ವಾಯುವಿಹಾರದಿಂದ ಗೊತ್ತು. ಪಾರ್ಕಿನಲ್ಲಿ ಬಂದದ್ದು ಸಾವಿರದ ನಾನೂರ ಹನ್ನೊಂದು. ಗುರುತು ಸರಿಯಾಗಿತ್ತು.

ವಾಪಸು ಬರುವಾಗ ಸರೋಜಾಳ ಗೇಟಿಗೆ ಪ್ಲಾಸ್ಟಿಕ್ ಚೀಲದಲ್ಲಿ ಕಂದು ನೀರು ತುಂಬಿ ಯಾರೋ ನೇತುಹಾಕಿದ್ದರು. ಕೆಟ್ಟದ್ದು ಎಂದು ಚರಂಡಿಗೆ ಚೆಲ್ಲಿದೆ. ಅದು ಅವಳ ಸಂಜೆಯ ಚಹಾ. ಅಲ್ಲಿ ಸಾಂಬಾರು ಕಟ್ಟಿಸಿಕೊಳ್ಳುವ ಹಾಗೆ ಚಹಾ ಕಟ್ಟಿಸಿಕೊಳ್ಳುತ್ತಾರೆ, ದಾರದಿಂದ ಗೇಟಿಗೆ ಸಿಕ್ಕಿಸುತ್ತಾರೆ. ನಿಮ್ಮ ರೀತಿ ಬೇರೆ, ನಮ್ಮ ರೀತಿ ಬೇರೆ ಎಂದು ಕ್ಷಮೆ ಕೇಳುತ್ತಿದ್ದೆ. ಹಾಗೆನ್ನುವಾಗಲೇ ನೆನಪಾದದ್ದು ಗಡಿ: ಅಲ್ಲಿನ ಕಲ್ಲುಗಳೂ ಈಚೆಯವು ಬೇರೆ, ಆಚೆಯವು ಬೇರೆ.

ಊರಿನಲ್ಲಿ ಪ್ರತಿ ಭಾನುವಾರದ ಉದ್ದನೆಯ ಓಟವನ್ನು ನಾನು ಗಡಿಯ ರಸ್ತೆಯಲ್ಲಿ ಇಟ್ಟಿದ್ದೆ. ತಮಿಳುನಾಡಿನ ಕೊನೆಯ ಕಿಲೋಮೀಟರ್ ಕಲ್ಲಿನ ಬಳಿ ನಾನು ಟಾರ್ಚು, ಪೀಪಿ, ನೀರು ಹಿಡಿದು ಕೂರುತ್ತೇನೆ. ಅವಳು ಗಡಿ ದಾಟಿ ಕರ್ನಾಟಕದ ಮೂರನೆಯ ಕಲ್ಲು ಮುಟ್ಟಿ ಬರುತ್ತಾಳೆ. ಹೋಗುತ್ತ ಮೂರು, ಬರುತ್ತ ಮೂರು, ಸುತ್ತಿಗೆ ಆರು ಕಿಲೋಮೀಟರು. ಐದು ಸುತ್ತು, ಮೇಲೆ ನಮ್ಮ ಕಡೆ ಎರಡು, ಒಟ್ಟು ಮೂವತ್ತೆರಡು. ಅವಳು ಓಡಿದ ಅತಿ ಉದ್ದದ ಓಟ ಅದೇ. ಮೂರು ಗಂಟೆ ನಲವತ್ತನಾಲ್ಕು ನಿಮಿಷ. ಆದರೆ ನಮ್ಮ ಕೊನೆಯ ಕಲ್ಲಿನಿಂದ ಅವರ ಮೊದಲ ಕಲ್ಲಿಗೆ ಒಂದು ಕಿಲೋಮೀಟರು ಎಂದು ಯಾರು ಹೇಳಿದರು? ಯಾರೂ ಹೇಳಿರಲಿಲ್ಲ. ನಮ್ಮ ಕಲ್ಲು ನಮ್ಮ ಪಟ್ಟಣದಿಂದ ಎಣಿಸುತ್ತದೆ, ಅವರದ್ದು ಅವರ ಪಟ್ಟಣದಿಂದ. ನಡುವಿನ ತುಂಡನ್ನು ನಾನು ಒಮ್ಮೆಯೂ ನಡೆದಿರಲಿಲ್ಲ. ಯಾವಾಗಲೂ ಕಲ್ಲಿನ ಮೇಲೆ ಕೂತಿರುತ್ತಿದ್ದೆ.

ಇನ್ನೊಂದು ಮಾತನ್ನೂ ಬರೆಯಬೇಕು. ದೂರ ತೋರಿಸುವ ಗಡಿಯಾರ ಕೊಳ್ಳುತ್ತೇನೆ ಎಂದು ಅವಳು ಕೇಳಿದ್ದಳು. ಕಲ್ಲಿದೆ, ನಾನಿದ್ದೇನೆ, ಅದೆಲ್ಲ ಯಾಕೆ ಎಂದವನು ನಾನೇ.

ಶನಿವಾರ, ಫೋನು

ಬೆಳಿಗ್ಗೆ ನಾಗರಾಜನಿಗೆ ಫೋನು ಮಾಡಿದೆ.

"ಲೋ ನಾಗ, ನಮ್ ಕೊನೇ ಕಲ್ಲಿಂದ ಅವರ ಮೊದಲ್ನೇ ಕಲ್ಲಿಗೆ ಎಷ್ಟು ದೂರ ಅಂತ ಅಳೆದು ಹೇಳ್ಲಾ."

"ಅಪ್ಪಾ, ಮೊಗ್ಗು ಕುಯ್ತಾ ಇವ್ನಿ. ನೀನ್ ಮಲೇಷ್ಯಾಕ್ಕೋಗಿ ನಮ್ಮೂರ್ ರಸ್ತೆ ಅಳುಸ್ತೀಯಾ?"

"ಮಂಜುಳನ ಓಟದ ವಿಷಯ ಕಣ್ಲಾ."

ಅವನು ಫೋನಿಟ್ಟ. ಗುಲಾಬಿ ಮಡಿಗೆ ಹಾಸಲು ಕತ್ತರಿಸಿಟ್ಟ ನೂರು ಮೀಟರಿನ ಡ್ರಿಪ್ ಪೈಪು ಹೊತ್ತುಕೊಂಡು, ಇನ್ನೊಂದು ತುದಿಯನ್ನು ಚೈತ್ರಳ ಕೈಗೆ ಕೊಟ್ಟು, ಒಂದು ಗಂಟೆಯೊಳಗೆ ತಿರುಗಿ ಫೋನು ಮಾಡಿದ. ಹಿಂದೆ ಯಾರೋ ನಗುತ್ತಿದ್ದರು.

"ನಾಕ್ ಪೈಪು ಅಪ್ಪಾ. ಐದನೇದು ಎಳೆಯಾಕೇ ಜಾಗ ಇಲ್ಲ. ನಾನೂರ್ ಮೀಟ್ರು."

ಒಂದು ಸಲ ದಾಟಿದರೆ ಆರುನೂರು ಮೀಟರು ಕಡಿಮೆ. ಐದು ಸುತ್ತಿಗೆ ಹತ್ತು ಸಲ. ಆರು ಕಿಲೋಮೀಟರು. ಅವಳ ಮೂವತ್ತೆರಡು ನಿಜವಾಗಿ ಇಪ್ಪತ್ತಾರು. ಏಳು ನಿಮಿಷದ ಹದ ನಿಜವಾಗಿ ಎಂಟೂವರೆಗೂ ಮೇಲೆ. ಗಾಡಿ ಕೆಟ್ಟಿರಲಿಲ್ಲ. ಕೆಟ್ಟಿದ್ದು ನನ್ನ ಲೆಕ್ಕ.

ಓಟ ಬೆಳಿಗ್ಗೆ ಐದಕ್ಕೆ ಆರಂಭ. ಆರೂವರೆ ಗಂಟೆಯೊಳಗೆ ಮುಗಿಸದಿದ್ದರೆ ಮುಗಿಸಿದಂತಲ್ಲ. ನಾನು ಅವಳಿಗೆ ಬಸ್ಸಿನ ವೇಳಾಪಟ್ಟಿಯಂತೆ ಚೀಟಿ ಬರೆದುಕೊಟ್ಟಿದ್ದೆ: ಎಷ್ಟನೆಯ ಕಿಲೋಮೀಟರು ಎಷ್ಟು ಗಂಟೆಗೆ. ಒಟ್ಟು ನಾಲ್ಕು ಗಂಟೆ ಐವತ್ತೈದು ನಿಮಿಷ. ಆ ಚೀಟಿಯ ವೇಗದಲ್ಲಿ ಹೋದರೆ ಅರ್ಧದಾರಿಯಲ್ಲೇ ಮುಗ್ಗರಿಸುವುದು ಖಂಡಿತ. ಹೊಸ ಚೀಟಿ ಬರೆದೆ: ಆರು ಗಂಟೆ ನಾಲ್ಕು ನಿಮಿಷ. ಬರೆದದ್ದನ್ನು ಕೊಡುವುದು ಹೇಗೆ ಎಂದು ತಿಳಿಯಲಿಲ್ಲ. ಓಡಿದ್ದೇನೆಂದು ನೀನು ನಂಬಿರುವ ದೂರವನ್ನು ನೀನು ಓಡಿಲ್ಲ ಎಂದು ಓಟದ ಹಿಂದಿನ ಸಂಜೆ ಹೇಗೆ ಹೇಳಲಿ? ಹೇಳದೆ ಹೇಗಿರಲಿ?

ಸರೋಜಾಳನ್ನು ಕೇಳಿದೆ. ಅವಳು ಅಕ್ಕಿ ಆರಿಸುತ್ತಲೇ ಹೇಳಿದಳು: "ಇವತ್ತು ಹೇಳಿದರೆ ನಿದ್ದೆ ಮಾಡುವುದಿಲ್ಲ. ನಿದ್ದೆಗೆಟ್ಟವಳು ಓಡುವುದಿಲ್ಲ. ನಾಳೆ ಹೇಳಿ." ಅದು ಸರಿ ಎನಿಸಿತು. ಸ್ವಲ್ಪ ಹೊತ್ತಿನ ಮೇಲೆ ತಪ್ಪೆನಿಸಿತು. ಮಂಜುಳ ಅಂಗಿಗೆ ನಂಬರು ಪಿನ್ನು ಮಾಡುತ್ತಿದ್ದಳು. ಅವಳು ಎದ್ದುಹೋದಾಗ ಸೊಂಟದ ಚೀಲದಿಂದ ಹಳೇ ಚೀಟಿ ತೆಗೆದು ಹೊಸದನ್ನು ಇಟ್ಟೆ. ಬೆಳಿಗ್ಗೆ ದಾರಿಯಲ್ಲಿ ವಿವರಿಸಿದರಾಯಿತು ಎಂದುಕೊಂಡೆ.

ಭಾನುವಾರ, ಹದಿನೈದನೆಯ ಕಿಲೋಮೀಟರು

ಬೆಳಿಗ್ಗೆ ವಿವರಿಸಲು ಆಗಲಿಲ್ಲ. ಆರಂಭದ ಮೈದಾನದ ಗೇಟಿನಲ್ಲಿ ನಂಬರಿದ್ದವರನ್ನು ಮಾತ್ರ ಒಳಗೆ ಬಿಟ್ಟರು. "ಚೀಟಿ ನೋಡ್ಕೊಂಡು ಓಡಮ್ಮ," ಎಂದು ಕೂಗಿದೆ. ಅವಳು ತಿರುಗಿ ಕೈ ಎತ್ತಿದಳು. ಅಷ್ಟು ಸಾಕು ಎಂದುಕೊಂಡು ಮನೆಗೆ ಬಂದೆ. ಓಟದ ಹದಿನೈದನೆಯ ಕಿಲೋಮೀಟರು ಸರೋಜಾಳ ಗೇಟಿನ ಮುಂದೆಯೇ ಹಾದುಹೋಗುತ್ತಿತ್ತು. ಅವಳು ಎರಡು ಪ್ಲಾಸ್ಟಿಕ್ ಕುರ್ಚಿ ಹಾಕಿ, ನನ್ನ ಕೈಗೆ ಚಹಾದ ಚೀಲ ಕೊಟ್ಟಳು.

ಹೊಸ ಚೀಟಿಯ ಪ್ರಕಾರ ಮಂಜುಳ ಅಲ್ಲಿಗೆ ಬರಬೇಕಾದದ್ದು ಏಳೂ ಒಂಬತ್ತಕ್ಕೆ. ಆರೂ ನಲವತ್ತೇಳಕ್ಕೆ, ಇನ್ನೂ ಬೆಳಕು ಹರಿಯುವ ಮುಂಚೆ, ಬೀದಿ ದೀಪದಡಿಯಲ್ಲಿ ಅವಳ ಹಳದಿ ಅಂಗಿ ಕಂಡಿತು. ಮೊದಲು ತಪ್ಪು ಕೈ ನೋಡಿದೆ. ಅಲ್ಲಿ ನಾಲ್ಕೂ ಹದಿನೇಳು. ಇನ್ನೊಂದು ಕೈ ನೋಡಿದೆ. ಅವಳು ಹಳೇ ಚೀಟಿಯನ್ನೇ ಓಡುತ್ತಿದ್ದಳು. ಕಾರ್ಖಾನೆಯ ಬಸ್ಸಿನಲ್ಲಿ ಕೂತು ಅದನ್ನು ಬಾಯಿಪಾಠ ಮಾಡಿದ್ದಳೆಂದು ನನಗೆ ಆಮೇಲೆ ತಿಳಿಯಿತು. ಚೀಲ ತೆರೆದೇ ಇರಲಿಲ್ಲ. ಮುಖ ಬೂದಿಯಾಗಿತ್ತು.

ನಾನು ರಸ್ತೆಗೆ ಇಳಿದೆ. ಕೈಯಲ್ಲಿದ್ದ ಚಹಾದ ಚೀಲ ಬೀಸುತ್ತ, "ಮಂಜುಳ, ನಿಲ್ಲು. ಕಲ್ಲು ತಪ್ಪು," ಎಂದು ಕನ್ನಡದಲ್ಲಿ ಕೂಗಿದೆ. ಓಡುತ್ತಿದ್ದ ಹತ್ತಾರು ಜನ ಪಕ್ಕಕ್ಕೆ ಸರಿದರು.

"ಏನ್ ಮಾವ? ಚೈತ್ರಂಗೇನಾಯ್ತು?"

"ಚೈತ್ರ ಚೆನ್ನಾಗಿದ್ದಾಳೆ. ಗಡಿ ಹತ್ತಿರದ್ದು ಕಿಲೋಮೀಟರಲ್ಲ ಕಣಮ್ಮ, ನಾನೂರೇ ಮೀಟರು. ನಾಗ ಅಳೆದು ನೋಡಿದ. ನಿನ್ನ ಹದ ಏಳು ನಿಮಿಷ ಅಲ್ಲ, ಎಂಟೂವರೆ. ಮೊದಲಿನಿಂದಲೂ ಎಂಟೂವರೆಯೇ. ನೀನು ಮೂವತ್ತೆರಡು ಓಡಿಯೇ ಇಲ್ಲ."

ಅವಳು ಮೊಣಕಾಲ ಮೇಲೆ ಕೈಯೂರಿ ನನ್ನನ್ನು ನೋಡಿದಳು. ಬೈಯುತ್ತಾಳೆ, ಅಥವಾ ಅಲ್ಲೇ ಕೂರುತ್ತಾಳೆ ಎಂದುಕೊಂಡೆ.

"ಅಂಗಾದ್ರೆ ನಂಗೇನೂ ಆಗಿಲ್ವಾ?"

"ಏನೂ ಆಗಿಲ್ಲ."

"ಮೊನ್ನೆಯಿಂದ ಎದೇಲಿ ಏನೋ ಕೆಟ್ಟೋಗೈತೆ ಅಂತ ಹೆದ್ರುಕೊಂಡಿವ್ನಿ ಮಾವ. ಅದ್ಕೇ ಇವತ್ತು ಹಟ ಕಟ್ಟಿ ಏಳ್ರಾಗೇ ಓಡ್ದೆ." ಅವಳ ಕಣ್ಣು ತುಂಬಿತು. ಆಮೇಲೆ ನಗು ಬಂತು. "ಒಂದ್ ಮಾತು ಮೊದ್ಲೇ ಹೇಳಕ್ಕೇನಾಗಿತ್ತು?"

ಅವಳು ನನ್ನ ಕೈಯಿಂದ ಚಹಾದ ಚೀಲ ಕಿತ್ತುಕೊಂಡು, ನಾಲ್ಕು ಗುಟುಕು ಕುಡಿದು, ವಾಪಸು ಕೊಟ್ಟು, ನಿಧಾನವಾಗಿ ನಡೆಯುತ್ತ ಹೋದಳು. ತಿರುವಿನಲ್ಲಿ ಮತ್ತೆ ಓಡತೊಡಗಿದ್ದು ಕಂಡಿತು.

ಅದೇ ದಿನ, ಮೈದಾನ

ಮುಗಿಯುವ ಜಾಗದಲ್ಲಿ ಒಂಬತ್ತೂವರೆಯಿಂದ ನಿಂತೆ. ಬಿಸಿಲು ಏರಿತು. ಹತ್ತು ಗಂಟೆಗೆ ಬಂದವರು ನಗುತ್ತ ಬಂದರು. ಹನ್ನೊಂದಕ್ಕೆ ಬಂದವರು ಕುಂಟುತ್ತ ಬಂದರು. ಹನ್ನೊಂದೂವರೆಗೆ ಗಡುವು. ಹನ್ನೊಂದೂ ಹದಿನೈದಾದರೂ ಹಳದಿ ಅಂಗಿಯಿಲ್ಲ. ಹದಿನೈದು ಕಿಲೋಮೀಟರು ಅವಳನ್ನು ತಪ್ಪು ವೇಗದಲ್ಲಿ ಓಡಿಸಿದವನು ನಾನು. ಪುಟ್ಟಮ್ಮನಿಗೆ ಏನು ಹೇಳುವುದು? ಕರಾರು ಹೆಂಡತಿಯದು, ತಪ್ಪು ನನ್ನದು, ಒಲೆಯ ಮುಂದೆ ಕೂರಬೇಕಾದವಳು ಸೊಸೆ. ಈ ಮೂರನ್ನು ಹೇಗೆ ಜೋಡಿಸಿದರೂ ಸರಿಹೋಗಲಿಲ್ಲ.

ಹನ್ನೊಂದೂ ಇಪ್ಪತ್ತಾರಕ್ಕೆ ಅವಳು ಬಂದಳು. ಓಟ ಎನ್ನುವ ಹಾಗಿರಲಿಲ್ಲ. ನಡಿಗೆ ಎನ್ನುವ ಹಾಗೂ ಇರಲಿಲ್ಲ. ಗೆರೆ ದಾಟಿ, ನಾಲ್ಕು ಹೆಜ್ಜೆ ಹೆಚ್ಚಿಗೆ ಹಾಕಿ ನಿಂತಳು. ಹೆಚ್ಚಿಗೆ ಯಾಕೆ ಎಂದು ಕೇಳಿದೆ.

"ನಿಮ್ ಅಳತೆ ನಂಬಾಕಾಯ್ತದಾ ಮಾವ? ಇರ್ಲಿ ಅಂತ."

ಪುಟ್ಟಮ್ಮನಿಗೆ ಫೋನು ಮಾಡಿದೆ. ವಿಷಯ ಅವಳಿಗೆ ಮುಂಚೆಯೇ ಗೊತ್ತಿತ್ತು. ಶನಿವಾರ ಅಳೆಯುವಾಗ ನಕ್ಕಿದ್ದು ಅವಳೇ.

"ಡಿಪೋನಾಗೂ ಇಂಗೇ ಅಳೀತಿದ್ರಾ ಬಸ್ಸುಗ್ಳುನ್ನ? ಇರ್ಲಿ ಬುಡಿ. ಪೂರಾ ಮುಗುಸುದ್ಲಾ?"

"ಮುಗಿಸಿದಳು. ಒಂದಷ್ಟು ದೂರ ನಡೆದಳು."

"ನಡುದ್ರೂ ಅಷ್ಟೇ ದೂರ ತಾನೆ." ಅಲ್ಲಿಂದಲೇ ಚೈತ್ರಳಿಗೆ ಕೂಗಿ ಹೇಳಿದಳು. "ಡಬ್ಬಿ ನಾನೇ ಕಟ್ತೀನಿ ಅಂತ ಹೇಳಿ ಅವ್ಳಿಗೆ. ಕಲ್ಲು ಹತ್ರ ಮಾತ್ರ ನಿಮ್ಮುನ್ ಕೂರ್ಸಾಕಿಲ್ಲ."

ಸಂಜೆ ಸರೋಜಾ ಉಪ್ಪು ಹಾಕಿದ ಬಿಸಿನೀರಿನ ಬೋಗುಣಿ ತಂದಿಟ್ಟಳು. ಮಂಜುಳ ಅದರಲ್ಲಿ ಕಾಲಿಟ್ಟು ಕೂತಿದ್ದಳು. ನಾನು ಪುಸ್ತಕ ತೆರೆದು ಕೆಂಪು ಶಾಯಿಯಲ್ಲಿ ಗಡಿ ದಾಟಿದ ಓಟಗಳನ್ನೆಲ್ಲ ತಿದ್ದಿದೆ. ಹದಿನೆಂಟು ಭಾನುವಾರಗಳು. ಹೊತ್ತನ್ನು ಎಲ್ಲೂ ಮುಟ್ಟಬೇಕಾಗಲಿಲ್ಲ, ಅದೊಂದು ಸರಿಯಾಗಿತ್ತು.

ಕೊನೆಗೆ ಅಂದಿನ ಸಾಲು. ಬರಬೇಕಾದ ಹೊತ್ತಿನ ಕಾಲಮಿನಲ್ಲಿ ಹಳೇ ಚೀಟಿಯದ್ದನ್ನೇ ಬರೆಯಿರಿ ಎಂದಳು ಮಂಜುಳ, ತಾನು ಹೊರಟದ್ದು ಅದನ್ನೇ ನಂಬಿ ಎಂದು. ಬರೆದೆ: ಒಂಬತ್ತು ಗಂಟೆ ಐವತ್ತೈದು ನಿಮಿಷ. ಬಂದದ್ದು ಹನ್ನೊಂದೂ ಇಪ್ಪತ್ತಾರು. ತಡ, ತೊಂಬತ್ತೊಂದು ನಿಮಿಷ. ತಡಕ್ಕೆ ಕಾರಣ ಎಂಬಲ್ಲಿ 'ಬಿಸಿಲು' ಎಂದು ಬರೆದೆ. ಅವಳು ಬಗ್ಗಿ ಓದಿದಳು. ನೀರಿನಲ್ಲಿ ಕಾಲು ಆಡಿಸಿದಳು.

'ಬಿಸಿಲು' ಹೊಡೆದುಹಾಕಿ 'ಟೈಮ್ ಕೀಪರ್' ಎಂದು ಬರೆದೆ. ಪಕ್ಕದಲ್ಲಿ ಸಹಿ ಮಾಡಿ, ಪುಸ್ತಕ ಮುಚ್ಚಿ ಚೀಲದಲ್ಲಿಟ್ಟೆ.